ಮುಳ್ಳು ಹೇಳುವ ಸುಳ್ಳು

ಕೆ.ಆರ್.ಪುರದ ಲಾರಿ ಮಾಲೀಕನೊಬ್ಬ ಬೆಳಿಗ್ಗೆ ಏಳು ಗಂಟೆಗೆ ಗಾಡಿ ಹತ್ತಿ ಕೀಲಿ ತಿರುಗಿಸಿದ ಎಂದಿಟ್ಟುಕೊಳ್ಳಿ. ಗಾಡಿ ಹಳೆಯದು. ಬಣ್ಣ ಎರಡು ಸಲ ಬದಲಾಗಿದೆ, ಎಂಜಿನ್ ಒಂದು ಸಲ ಬಿಚ್ಚಿ ಕೂಡಿಸಿದ್ದಾಗಿದೆ. ಹಿಂದಿನ ರಾತ್ರಿ ಟ್ಯಾಂಕ್ ಪೂರ್ತಿ ತುಂಬಿಸಿದ ಬಿಲ್ಲು ಅವನ ಜೇಬಿನಲ್ಲಿದೆ. ಆದರೆ ಡ್ಯಾಶ್‌ಬೋರ್ಡಿನ ಡೀಸೆಲ್ ಮುಳ್ಳು ಮುಕ್ಕಾಲಿನ ಗೆರೆಯ ಹತ್ತಿರ ನಿಂತುಬಿಟ್ಟಿದೆ.

“ಏನಪ್ಪಾ, ರಾತ್ರಿ ತಾನೇ ಫುಲ್ ಮಾಡಿಸಿದ್ದು. ಕಾಲು ಭಾಗ ಎಲ್ಲಿಗೆ ಹೋಯ್ತು?”

“ಒಂದು ತೊಟ್ಟೂ ತೆಗೆದಿಲ್ಲ ಅಣ್ಣಾ. ತುಂಬಿಸಿಕೊಂಡು ಬಂದು ಇಲ್ಲೇ ನಿಲ್ಲಿಸಿದ್ದು.”

“ಹಂಗಾದ್ರೆ ಮುಳ್ಳು ಸುಳ್ಳು ಹೇಳ್ತದಾ?”

ಹೇಳುತ್ತದೆ. ಹಳೆಯ ಲಾರಿಗಳಲ್ಲಿ ಬಹಳ ಸಲ ಹೇಳುತ್ತದೆ. ಆದರೆ ಇಂಥ ಮಾತು ಬಂದಾಗ ಮುಳ್ಳನ್ನು ಯಾರೂ ಅನುಮಾನಿಸುವುದಿಲ್ಲ. ಚಾಲಕನನ್ನೋ ಕ್ಲೀನರ್ ಹುಡುಗನನ್ನೋ ಅನುಮಾನಿಸುತ್ತಾರೆ, ಅವರು ಸಿಗದಿದ್ದರೆ ಬಂಕಿನವನನ್ನು. ತಿಂಗಳ ಕೊನೆಯಲ್ಲಿ ಸಂಬಳದಲ್ಲಿ ಮುರಿದುಕೊಳ್ಳುವುದೂ ಉಂಟು. ನಲವತ್ತು ಲೀಟರ್ ಡೀಸೆಲ್ಲಿನ ಬೆಲೆ ಒಬ್ಬ ಕ್ಲೀನರ್ ಹುಡುಗನಿಗೆ ಸಣ್ಣ ಮೊತ್ತವಲ್ಲ. ಕಳ್ಳನೆಂಬ ಹೆಸರು ಅದಕ್ಕಿಂತ ಭಾರ. ಆರೋಪ ಹೊರಿಸುವುದಕ್ಕೆ ಮೊದಲು ಮುಳ್ಳನ್ನೇ ಒಮ್ಮೆ ವಿಚಾರಣೆಗೆ ಒಳಪಡಿಸಬಹುದು. ಅದಕ್ಕೆ ಬೇಕಾದದ್ದು ಒಂದು ಅಳತೆ ಕೋಲು, ಒಂದೆರಡು ಮಾರು ವೈರು, ಹೈಸ್ಕೂಲಿನಲ್ಲಿ ಓದಿದ ಓಮ್ ನಿಯಮ.

ಮೊದಲು ತಿಳಿಯಬೇಕಾದ ಸಂಗತಿ ಎಂದರೆ, ಡೀಸೆಲ್ ಮುಳ್ಳು ಡೀಸೆಲನ್ನು ನೋಡುವುದೇ ಇಲ್ಲ. ಅದು ಅಳೆಯುವುದು ವಿದ್ಯುತ್ ಪ್ರವಾಹವನ್ನು. ಟ್ಯಾಂಕಿನ ಒಳಗೆ ಒಂದು ತೇಲುಗುಂಡು ಇರುತ್ತದೆ. ಗ್ಯಾರೇಜಿನವರು ಅದನ್ನು ಫ್ಲೋಟ್ ಎನ್ನುತ್ತಾರೆ. ಅದು ಒಂದು ಕಡ್ಡಿಯ ತುದಿಯಲ್ಲಿದ್ದು ಎಣ್ಣೆಯ ಮಟ್ಟದೊಡನೆ ಏರಿ ಇಳಿಯುತ್ತದೆ. ಕಡ್ಡಿಯ ಇನ್ನೊಂದು ತುದಿಯಲ್ಲಿ ಪುಟ್ಟ ಲೋಹದ ನಾಲಿಗೆ. ಸಪೂರ ತಂತಿಯನ್ನು ಒತ್ತಾಗಿ ಸುತ್ತಿದ ಪಟ್ಟಿಯೊಂದರ ಮೇಲೆ ಆ ನಾಲಿಗೆ ಉಜ್ಜುತ್ತಾ ಆಚೀಚೆ ಸರಿಯುತ್ತದೆ. ಶಾಲೆಯ ಪ್ರಯೋಗಶಾಲೆಯಲ್ಲಿ ಮೇಜಿನುದ್ದಕ್ಕೂ ಇರುವ ರಿಯೋಸ್ಟಾಟನ್ನು ಕಂಡವರಿಗೆ ಇದು ಹೊಸದಲ್ಲ. ಅದನ್ನೇ ಅಂಗೈಯಗಲಕ್ಕೆ ಕುಗ್ಗಿಸಿ, ಸರಿಸುವ ಕೆಲಸವನ್ನು ಕೈಗೆ ಬದಲಾಗಿ ತೇಲುಗುಂಡಿಗೆ ಒಪ್ಪಿಸಿದ್ದಾರೆ. ಈ ಇಡೀ ಜೋಡಣೆಗೆ ಗ್ಯಾರೇಜುಗಳಲ್ಲಿ ‘ಟ್ಯಾಂಕ್ ಯೂನಿಟ್’ ಎಂದು ಹೆಸರು.

ಬ್ಯಾಟರಿಯಿಂದ ಹೊರಟ ವಿದ್ಯುತ್ತು ಫ್ಯೂಸು, ಕೀಲಿ ಇವುಗಳನ್ನು ದಾಟಿ ಡ್ಯಾಶ್‌ಬೋರ್ಡಿನ ಮೀಟರಿಗೆ ಬರುತ್ತದೆ. ಅಲ್ಲಿಂದ ಒಂಟಿ ವೈರಿನ ಮೂಲಕ ಚಾಸಿಯುದ್ದಕ್ಕೂ ಹೋಗಿ ಟ್ಯಾಂಕ್ ಯೂನಿಟ್ ತಲುಪುತ್ತದೆ. ಅಲ್ಲಿನ ರೋಧವನ್ನು ಹಾಯ್ದು ಟ್ಯಾಂಕಿನ ಲೋಹ, ಚಾಸಿಯ ಲೋಹ ಇವುಗಳ ಮೂಲಕವೇ ಬ್ಯಾಟರಿಗೆ ಹಿಂದಿರುಗುತ್ತದೆ. ಹಿಂದಿರುಗುವ ಈ ದಾರಿಗೆ ‘ಅರ್ತ್’ ಎನ್ನುತ್ತಾರೆ. ಎರಡನೆಯ ವೈರಿನ ಖರ್ಚು ಉಳಿಸಲು ಮಾಡಿದ ಈ ಉಪಾಯವೇ ಹಳೆಯ ಗಾಡಿಗಳ ಅರ್ಧ ತೊಂದರೆಗಳಿಗೆ ತವರು.

ಇಲ್ಲೊಂದು ಸ್ವಾರಸ್ಯವಿದೆ. ಟ್ಯಾಂಕ್ ತುಂಬಿದಾಗ ರೋಧ ಹೆಚ್ಚಬೇಕೋ ಕಡಿಮೆಯಾಗಬೇಕೋ? ಇದಕ್ಕೆ ಜಗತ್ತಿನಲ್ಲಿ ಒಂದೇ ಉತ್ತರವಿಲ್ಲ. ಜರ್ಮನಿಯ ವಿಡಿಓ ಸಂಸ್ಥೆಯ ಒಂದು ಪ್ರಚಲಿತ ಪದ್ಧತಿಯಲ್ಲಿ ಟ್ಯಾಂಕ್ ಬರಿದಾದಾಗ 10 ಓಮ್, ತುಂಬಿದಾಗ 180 ಓಮ್. ಬ್ರಿಟನ್ನಿನ ಸ್ಮಿತ್ಸ್ ಪದ್ಧತಿಯ ಮೀಟರುಗಳಲ್ಲಿ ಇದು ತಿರುವುಮುರುವು. ಬರಿದಾದಾಗ ಸುಮಾರು 250 ಓಮ್, ತುಂಬಿದಾಗ ಇಪ್ಪತ್ತರ ಆಸುಪಾಸು. ನಮ್ಮ ದೇಶದ ಲಾರಿಗಳಿಗೆ ಎರಡು ಕಡೆಯ ವಂಶಾವಳಿಯೂ ಇದೆ. ಟಾಟಾದವರು 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ಮಾಡತೊಡಗಿದರು. ಮದರಾಸಿನ ಅಶೋಕ್ ಮೋಟರ್ಸ್ 1955ರಲ್ಲಿ ಬ್ರಿಟನ್ನಿನ ಲೇಲ್ಯಾಂಡ್ ಜೊತೆ ಸೇರಿ ಅಶೋಕ್ ಲೇಲ್ಯಾಂಡ್ ಆಯಿತು. ಆಮೇಲೆ ಮೀಟರುಗಳು ಇಲ್ಲೇ ತಯಾರಾದವು, ಒಂದರದು ಇನ್ನೊಂದಕ್ಕೆ ಬಂತು, ಕೆಟ್ಟಾಗ ಕೈಗೆ ಸಿಕ್ಕಿದ್ದನ್ನು ಹಾಕಿದರು. ಹೀಗಾಗಿ ಹಳೆಯ ಲಾರಿಯೊಂದರಲ್ಲಿ ಯಾವ ಪದ್ಧತಿ ಇದೆ ಎಂದು ಬಾನೆಟ್ಟಿನ ಮೇಲಿನ ಹೆಸರು ನೋಡಿ ಹೇಳುವುದು ಸಲ್ಲದು. ಅಳೆದು ನೋಡಿಯೇ ತಿಳಿಯಬೇಕು.

ಈಗ ಅರ್ತ್ ವಿಷಯಕ್ಕೆ ಬರೋಣ. ಡೀಸೆಲ್ ಟ್ಯಾಂಕನ್ನು ಚಾಸಿಯ ಪಕ್ಕದಲ್ಲಿ ಕಬ್ಬಿಣದ ಪಟ್ಟಿಗಳಿಂದ ಬಿಗಿದಿರುತ್ತಾರೆ. ಅದುರದಿರಲಿ ಎಂದು ಪಟ್ಟಿಯ ಕೆಳಗೆ ರಬ್ಬರ್ ಇರುತ್ತದೆ. ರಬ್ಬರ್ ವಿದ್ಯುತ್ತಿಗೆ ದಾರಿ ಬಿಡುವುದಿಲ್ಲ. ಆದ್ದರಿಂದ ಟ್ಯಾಂಕಿನಿಂದ ಚಾಸಿಗೆ ಒಂದು ತುಂಡು ವೈರನ್ನು ಬೋಲ್ಟಿನಡಿ ಸಿಕ್ಕಿಸಿರುತ್ತಾರೆ. ಚಕ್ರ ಎರಚುವ ಕೆಸರು, ಮಳೆ, ತೊಳೆಯುವ ನೀರು ಎಲ್ಲವೂ ಬೀಳುವುದು ಆ ಬೋಲ್ಟಿನ ಮೇಲೆಯೇ. ಕೆಲವು ಮಳೆಗಾಲ ಕಳೆದರೆ ಬೋಲ್ಟಿಗೂ ಚಾಸಿಗೂ ನಡುವೆ ತುಕ್ಕಿನ ಪದರ ಕೂತಿರುತ್ತದೆ. ಕಬ್ಬಿಣ ವಾಹಕವಾದರೂ ತುಕ್ಕು ಒಳ್ಳೆಯ ವಾಹಕವಲ್ಲ. ಮಂಡಲದಲ್ಲಿ ಯಾರೂ ಕೇಳದ ಹತ್ತಿಪ್ಪತ್ತು ಓಮ್ ರೋಧ ಹೊಸದಾಗಿ ಸೇರಿಕೊಳ್ಳುತ್ತದೆ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಡೀಸೆಲ್ ಮುಳ್ಳಿನ ವಿಷಯದಲ್ಲಿ ಮಾತ್ರ ಹಲವು ಸಲ ನೆಲವೇ ನಿಜವಾಗಿ ಡೊಂಕಾಗಿರುತ್ತದೆ!

ಈ ತುಕ್ಕು ಏನು ಮಾಡುತ್ತದೆ ಎಂಬುದನ್ನು ಲೆಕ್ಕ ಹಾಕಬಹುದು. ಟ್ಯಾಂಕು 160 ಲೀಟರ್ ಹಿಡಿಯುವಂಥದು, ಮೀಟರು 10-180 ಓಮ್ ಪದ್ಧತಿಯದು, ರೋಧ ಮಟ್ಟಕ್ಕೆ ತಕ್ಕಂತೆ ಸಮನಾಗಿ ಏರುತ್ತದೆ ಎಂದುಕೊಳ್ಳಿ. 170 ಓಮ್ ಎಂದರೆ 160 ಲೀಟರ್. ಹೆಚ್ಚುಕಡಿಮೆ ಲೀಟರಿಗೆ ಒಂದು ಓಮ್. ತುಕ್ಕು 20 ಓಮ್ ಸೇರಿಸಿದರೆ ಮೀಟರು ಅದನ್ನು ಸುಮಾರು 19 ಲೀಟರ್ ಡೀಸೆಲ್ ಎಂದು ಓದುತ್ತದೆ. ಇಲ್ಲದ 19 ಲೀಟರ್! ಭಾರ ಹೊತ್ತ ಹಳೆಯ ಲಾರಿ ಲೀಟರಿಗೆ ನಾಲ್ಕು ಕಿಲೋಮೀಟರ್ ಓಡಿದರೂ ಅದು 76 ಕಿಲೋಮೀಟರಿನ ಮಾತು, ಕೆ.ಆರ್.ಪುರದಿಂದ ಕೋಲಾರ ದಾಟುವಷ್ಟು ದೂರ. ಚಾಲಕ ಮುಳ್ಳನ್ನು ನಂಬಿ ಹೊರಟರೆ ಹಳೇ ಮದ್ರಾಸ್ ರಸ್ತೆಯಲ್ಲಿ ಎಲ್ಲೋ ಒಂದು ಕಡೆ ಗಾಡಿ ನಿಲ್ಲುತ್ತದೆ. ಕೆ.ಆರ್.ಪುರದ ತೂಗುಸೇತುವೆಯ ಮೇಲೆ ನಿಂತಿತೋ, ಹಿಂದಿನವರೆಲ್ಲ ಹಾರ್ನ್ ಮೂಲಕ ತಮ್ಮ ಅಭಿಪ್ರಾಯ ತಿಳಿಸುತ್ತಾರೆ.

ಡೀಸೆಲ್ ಗಾಡಿ ಬರಿದಾಗಿ ನಿಲ್ಲುವುದು ಪೆಟ್ರೋಲ್ ಸ್ಕೂಟರ್ ನಿಂತಂತಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಟ್ಯಾಂಕಿನ ತಳದಲ್ಲಿ ಕೂತ ಕಸ, ನೀರು ಕೊನೆಯ ಗುಟುಕಿನ ಜೊತೆ ಫಿಲ್ಟರಿಗೆ ನುಗ್ಗುತ್ತವೆ. ಪೈಪಿನಲ್ಲಿ ಗಾಳಿ ಸೇರಿಕೊಳ್ಳುತ್ತದೆ. ಹೊಸದಾಗಿ ಎಣ್ಣೆ ತಂದು ಸುರಿದರೂ ಎಂಜಿನ್ ಹತ್ತುವುದಿಲ್ಲ. ಏಕೆಂದರೆ ಪಂಪಿನ ಒತ್ತಡಕ್ಕೆ ಗಾಳಿ ಸ್ಪಂಜಿನಂತೆ ಕುಗ್ಗುತ್ತದೆ, ಡೀಸೆಲ್ ಕುಗ್ಗುವುದಿಲ್ಲ. ಫಿಲ್ಟರಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತಿ ಒತ್ತಿ, ನೊರೆ ನಿಂತು ಬರಿ ಎಣ್ಣೆ ಬರುವತನಕ ಗಾಳಿ ತೆಗೆಯಬೇಕು. ಆಡುಗೋಡಿಯ ಮೈಕೊ ಕಾರ್ಖಾನೆ ಹೆಸರು ಮಾಡಿದ್ದೇ ಇಂಥ ಎಂಜಿನ್‌ಗಳ ಡೀಸೆಲ್ ಪಂಪುಗಳಿಂದ. ಅವುಗಳ ಒಳಭಾಗಗಳ ನಡುವಿನ ಸಂದು ಕೂದಲೆಳೆಗಿಂತ ಎಷ್ಟೋ ಕಿರಿದು. ಅಂಥ ಪಂಪಿಗೆ ಟ್ಯಾಂಕಿನ ತಳದ ಕೆಸರು ಕುಡಿಸುವುದು ಒಳ್ಳೆಯದಲ್ಲ.

ಸ್ಮಿತ್ಸ್ ಪದ್ಧತಿಯಲ್ಲಾದರೆ ಅದೇ ತುಕ್ಕು ಇನ್ನೊಂದು ಬಗೆಯ ಸುಳ್ಳು ಹೇಳಿಸುತ್ತದೆ. ಅಲ್ಲಿ ರೋಧ ಹೆಚ್ಚಿತೆಂದರೆ ಡೀಸೆಲ್ ಕಡಿಮೆ ಎಂದು ಅರ್ಥ. ತುಂಬಿದ ಟ್ಯಾಂಕಿನ ರೋಧ 20 ಓಮ್ ಮಾತ್ರ ಇದ್ದಾಗ ಅದಕ್ಕೆ ಇನ್ನೊಂದು ಹತ್ತು ಸೇರಿದರೆ ಮುಳ್ಳು ಮುಕ್ಕಾಲಿಗೆ ಇಳಿದುಬಿಡಬಹುದು. ಮೇಲೆ ಹೇಳಿದ ಮಾಲೀಕನ ಕಣ್ಣಿಗೆ ಬಿದ್ದದ್ದು ಇದೇ ಇರಬಹುದು. ಒಂದು ಲಾರಿಯಲ್ಲಿ ಇಲ್ಲದ ಎಣ್ಣೆಯನ್ನು ತೋರಿಸುವ ತುಕ್ಕು, ಪಕ್ಕದ ಲಾರಿಯಲ್ಲಿ ಇರುವ ಎಣ್ಣೆಯನ್ನು ಅಡಗಿಸುತ್ತದೆ.

ಆದರೆ ಈ ಎರಡನೆಯ ಸುಳ್ಳಿನಲ್ಲಿ ಒಂದು ಸುಳಿವು ಸಿಕ್ಕಿಬೀಳುತ್ತದೆ. ಟ್ಯಾಂಕು ಖಾಲಿಯಾಗುತ್ತಾ ಬಂದಂತೆ ರೋಧ 100, 150, 200 ಓಮ್ ಎಂದು ಏರುತ್ತದೆ. 20ರ ಜೊತೆ ಹತ್ತು ಸೇರಿದರೆ ದೊಡ್ಡ ವ್ಯತ್ಯಾಸ. 200ರ ಜೊತೆ ಹತ್ತು ಸೇರಿದರೆ ಏನೂ ಅಲ್ಲ. ಆದ್ದರಿಂದ ಮೇಲ್ಭಾಗದಲ್ಲಿ ತಪ್ಪು ತೋರಿಸಿದ ಮುಳ್ಳು ಕೆಳಗೆ ಬಂದಂತೆ ಸತ್ಯಕ್ಕೆ ಹತ್ತಿರವಾಗುತ್ತದೆ. ಕಾಣೆಯಾಗಿದ್ದ ಕಾಲು ಟ್ಯಾಂಕು ದಾರಿಯಲ್ಲಿ ಎಲ್ಲಿಂದಲೋ ವಾಪಸು ಬಂದಂತೆ ಅನ್ನಿಸುತ್ತದೆ; ಗಾಡಿ ಅಂದುಕೊಂಡದ್ದಕ್ಕಿಂತ ಹೆಚ್ಚು ದೂರ ಓಡುತ್ತದೆ. ನಿಜವಾಗಿ ಕದ್ದ ಡೀಸೆಲ್ ಹೀಗೆ ಹಿಂದಿರುಗುವುದಿಲ್ಲ.

ಇಷ್ಟು ತಿಳಿದ ಮೇಲೆ ತಪಾಸಣೆ. ಆಟೋ ಎಲೆಕ್ಟ್ರಿಷಿಯನ್‌ಗಳಲ್ಲಿ ಕೆಲವರು ಬಂದವರೇ ಟ್ಯಾಂಕ್ ಯೂನಿಟ್ ಬಿಚ್ಚಿ ಹೊಸದು ಹಾಕಿಬಿಡುತ್ತಾರೆ. ಸರಿಹೋಗದಿದ್ದರೆ ಮೀಟರ್ ಬದಲಾಯಿಸುತ್ತಾರೆ. ಇದು ಜ್ವರಕ್ಕೆ ಒಂದೊಂದೇ ಮಾತ್ರೆ ನುಂಗಿಸಿ ರೋಗ ಯಾವುದೆಂದು ಹುಡುಕಿದಂತೆ. ಒಮ್ಮೆಗೆ ಒಂದೇ ಪ್ರಶ್ನೆ, ಒಂದೇ ಬದಲಾವಣೆ ಎಂಬ ಕ್ರಮ ಇಟ್ಟುಕೊಂಡರೆ ಖರ್ಚಿಲ್ಲದೆ ಕೆಲಸವಾಗುತ್ತದೆ.

ಮೊದಲ ಪ್ರಶ್ನೆ: ಟ್ಯಾಂಕಿನಲ್ಲಿ ನಿಜವಾಗಿ ಎಷ್ಟು ಎಣ್ಣೆ ಇದೆ? ಇದಕ್ಕೆ ವಿದ್ಯುತ್ತೇ ಬೇಡ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಶುಭ್ರವಾದ ಒಣ ಮರದ ಕೋಲನ್ನು ನೇರವಾಗಿ ಇಳಿಬಿಟ್ಟು ತೆಗೆದರೆ ಎಣ್ಣೆ ಹತ್ತಿದ ಗುರುತು ಕಾಣುತ್ತದೆ. ಪೆಟ್ರೋಲ್ ಬಂಕಿನವರೂ ನೆಲದಡಿಯ ಟ್ಯಾಂಕಿಗೆ ಹೀಗೆಯೇ ಅಳತೆ ಕೋಲು ಇಳಿಸಿ ನೋಡುತ್ತಾರೆ. ಹಳೆಯ ಚಾಲಕರು ಕೋಲಿಲ್ಲದೆಯೂ ಅಂದಾಜು ಮಾಡುವುದುಂಟು: ಬೆರಳ ಗೆಣ್ಣಿನಿಂದ ಟ್ಯಾಂಕಿನ ಬದಿಯನ್ನು ಮೇಲಿನಿಂದ ಕೆಳಕ್ಕೆ ತಟ್ಟುತ್ತಾ ಬರುತ್ತಾರೆ. ಎಣ್ಣೆಯ ಮಟ್ಟ ಬಂದ ಕಡೆ ಖಣಖಣ ಎನ್ನುತ್ತಿದ್ದ ಶಬ್ದ ಮಂಕಾಗುತ್ತದೆ. ಹಿಂದೆ ಎಣ್ಣೆ ಇರುವ ತಗಡು ಬಿಡುಬೀಸಾಗಿ ಅದುರಲಾರದು. ಅದಕ್ಕೇ ಈ ವ್ಯತ್ಯಾಸ. ಇದು ಅಂದಾಜು ಮಾತ್ರ, ಕೋಲಿನ ಸಾಕ್ಷ್ಯ ಹೆಚ್ಚು ಗಟ್ಟಿ. ಮಾಲೀಕ ಬೆಳಿಗ್ಗೆ ಒಂದು ಕೋಲು ಇಳಿಸಿ ನೋಡಿದ್ದರೆ ಚಾಲಕನನ್ನು ಆ ಮಾತು ಕೇಳಬೇಕಾಗಿಯೇ ಬರುತ್ತಿರಲಿಲ್ಲ.

ಎರಡನೆಯ ಪ್ರಶ್ನೆ ಅರ್ತ್ ಬಗ್ಗೆ. ಟ್ಯಾಂಕ್ ಯೂನಿಟ್ಟಿನ ಲೋಹದ ಮೈಗೆ ವೈರಿನ ಒಂದು ತುದಿ, ಚಾಸಿಯಲ್ಲಿ ಬಣ್ಣ ಕೆರೆದು ಹೊಳಪು ಬರಿಸಿದ ಜಾಗಕ್ಕೆ ಇನ್ನೊಂದು ತುದಿ ಕಟ್ಟಿ, ಆಮೇಲೆ ಕೀಲಿ ತಿರುಗಿಸಬೇಕು. ಮುಳ್ಳು ಸರಿಯಾದ ಜಾಗಕ್ಕೆ ಬಂದರೆ ಕಳ್ಳ ಸಿಕ್ಕಂತೆ. ಬೋಲ್ಟು ಬಿಚ್ಚಿ, ಉಪ್ಪು ಕಾಗದದಿಂದ ಉಜ್ಜಿ, ಹೊಸ ವೈರು ಬಿಗಿದು, ಮೇಲೆ ಸ್ವಲ್ಪ ಗ್ರೀಸ್ ಸವರಿದರೆ ಮುಗಿಯಿತು. ಖರ್ಚು ಒಂದು ಕಾಫಿಯದು.

ಮುಳ್ಳು ಅಲುಗಲಿಲ್ಲ ಎಂದರೆ ಮೂರನೆಯ ಪ್ರಶ್ನೆ. ಟ್ಯಾಂಕ್ ಯೂನಿಟ್ಟಿಗೆ ಬರುವ ವೈರನ್ನು ಕಳಚಿ ಗಾಳಿಯಲ್ಲಿ ಬಿಡಬೇಕು. ಮಂಡಲ ತುಂಡಾದ್ದರಿಂದ ರೋಧ ಅನಂತ ಎಂದಾಯಿತು. ಕೀಲಿ ತಿರುಗಿಸಿದಾಗ ಮುಳ್ಳು ಒಂದು ತುದಿಗೆ ಹೋಗಬೇಕು. ಆಮೇಲೆ ಅದೇ ವೈರನ್ನು ಟ್ಯಾಂಕಿನಿಂದ ದೂರದಲ್ಲಿ, ಚಾಸಿಗೆ ಒಂದೆರಡು ಕ್ಷಣ ಮಾತ್ರ ಮುಟ್ಟಿಸಬೇಕು. ಈಗ ರೋಧ ಶೂನ್ಯ. ಮುಳ್ಳು ಎದುರು ತುದಿಗೆ ಹೊರಡಬೇಕು. ವೈರು ಬಿಟ್ಟಾಗ ‘ಫುಲ್’ ಕಡೆ ಹೋದರೆ ಅದು 10-180ರ ಜಾತಿ, ‘ಖಾಲಿ’ ಕಡೆ ಹೋದರೆ ಸ್ಮಿತ್ಸ್ ಜಾತಿ ಎಂದು ಇದೇ ಪರೀಕ್ಷೆ ಹೇಳಿಬಿಡುತ್ತದೆ. ಎರಡೂ ತುದಿಗೆ ಮುಳ್ಳು ಓಡಾಡಿತೆಂದರೆ ಮೀಟರು, ವೈರು ಎರಡೂ ನಿರಪರಾಧಿಗಳು. ದೋಷ ಟ್ಯಾಂಕಿನ ಒಳಗಿದೆ. ಓಡಾಡದಿದ್ದರೆ ಅದೇ ಪರೀಕ್ಷೆಯನ್ನು ಮೀಟರಿನ ಬೆನ್ನಿನಲ್ಲೇ ಮಾಡಬೇಕು. ಅಲ್ಲಿ ಓಡಾಡಿದರೆ ನಡುವಿನ ವೈರು ಎಲ್ಲೋ ತುಂಡಾಗಿದೆ. ಅಲ್ಲೂ ಇಲ್ಲವೆಂದರೆ ಫ್ಯೂಸು ಅಥವಾ ಮೀಟರು.

ಹೀಗೆ ಉದ್ದನೆಯ ಸರಪಳಿಯನ್ನು ನಡುವೆ ಮುಟ್ಟಿ, ದೋಷ ಈಚೆಗಿದೆಯೋ ಆಚೆಗಿದೆಯೋ ಎಂದು ಕೇಳುವ ಕ್ರಮಕ್ಕೆ ಕೆ.ಆರ್.ಪುರದ ಪಕ್ಕದಲ್ಲೇ ದೊಡ್ಡ ಸಂಬಂಧಿಯೊಬ್ಬರಿದ್ದಾರೆ. 1948ರಲ್ಲಿ ಐ.ಟಿ.ಐ. ಕಾರ್ಖಾನೆ ಆರಂಭವಾದ ದೂರವಾಣಿನಗರ ಅಲ್ಲಿಂದ ಕೂಗಳತೆ. ನೆಲದಡಿಯ ಟೆಲಿಫೋನ್ ಕೇಬಲ್ಲು ಎಲ್ಲಿ ಕೆಟ್ಟಿದೆ ಎಂದು ತಿಳಿಯಲು ದೂರವಾಣಿ ಇಲಾಖೆಯವರು ಊರೆಲ್ಲ ಅಗೆಯುತ್ತಿರಲಿಲ್ಲ. ಒಂದು ತುದಿಯಲ್ಲಿ ಕುಳಿತು ತಂತಿಯ ರೋಧ ಅಳೆದು, ಇಷ್ಟು ದೂರದಲ್ಲಿ ದೋಷವಿದೆ ಎಂದು ಲೆಕ್ಕ ಹಾಕುವ ವಿಧಾನ ಇತ್ತು. ಅದರ ಬುಡದಲ್ಲಿರುವುದು ಪಿ.ಯು.ಸಿ. ವಿದ್ಯಾರ್ಥಿಗಳು ಮೀಟರ್ ಬ್ರಿಜ್ ಎಂದು ಪ್ರಯೋಗ ಮಾಡಿ, ಅಂಕ ಪಡೆದು, ಮರೆತುಬಿಡುವ ಅದೇ ವೀಟ್‌ಸ್ಟನ್ ಸೇತುವೆ.

ಸ್ಮಿತ್ಸ್ ಬಗೆಯ ಮೀಟರುಗಳಲ್ಲಿ ಇನ್ನೊಂದು ಕಿತಾಪತಿ ಇದೆ. ಅವುಗಳ ಮುಳ್ಳನ್ನು ತಳ್ಳುವುದು ಕಾಂತವಲ್ಲ, ಶಾಖ. ದ್ವಿಲೋಹ ಪಟ್ಟಿಯೊಂದಕ್ಕೆ ತಂತಿ ಸುತ್ತಿರುತ್ತಾರೆ. ಪ್ರವಾಹದಿಂದ ತಂತಿ ಬಿಸಿಯಾದಂತೆ ಪಟ್ಟಿ ಬಾಗಿ ಮುಳ್ಳನ್ನು ನೂಕುತ್ತದೆ. ಕೀಲಿ ತಿರುಗಿಸಿದಾಗ ಮುಳ್ಳು ಸೋಮಾರಿಯಂತೆ ನಿಧಾನವಾಗಿ ಏಳುವುದು ಇದರ ಗುರುತು. ಕಾಂತದ ಸುರುಳಿಗಳಿರುವ ಮೀಟರಿನಲ್ಲಿ ಮುಳ್ಳು ತಟಕ್ಕನೆ ಏಳುತ್ತದೆ. ಸೋಮಾರಿತನದಿಂದ ಲಾಭವೂ ಉಂಟು. ಗುಂಡಿ ಬಿದ್ದ ರಸ್ತೆಯಲ್ಲಿ ಎಣ್ಣೆ ತುಳುಕಿದರೂ ಮುಳ್ಳು ಕುಣಿಯುವುದಿಲ್ಲ. ಆದರೆ ಶಾಖವು ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂಬ ಜೂಲ್ ನಿಯಮ ಇಲ್ಲಿ ಕಾಡುತ್ತದೆ. 12 ವೋಲ್ಟ್ ಗಾಡಿಯಲ್ಲಿ ಎಂಜಿನ್ ಓಡುವಾಗ ವೋಲ್ಟೇಜು 14ರ ಹತ್ತಿರ ಹೋಗುತ್ತದೆ. ಅದಕ್ಕೇ ಸರಾಸರಿ 10 ವೋಲ್ಟ್ ಮಾತ್ರ ಬಿಡುವ ಪುಟ್ಟ ಸ್ಟೆಬಿಲೈಸರ್ ಒಂದನ್ನು ಮೀಟರಿನ ಹಿಂದೆ ಇಟ್ಟಿರುತ್ತಾರೆ. ಅದು ಕೆಟ್ಟು 14 ವೋಲ್ಟ್ ನೇರವಾಗಿ ನುಗ್ಗಿದರೆ ಪ್ರವಾಹ 1.4 ಪಟ್ಟು, ಶಾಖ ಅದರ ವರ್ಗ, ಎಂದರೆ ಸುಮಾರು ಎರಡು ಪಟ್ಟು. ಅರ್ಧ ಟ್ಯಾಂಕು ಫುಲ್ಲಿನ ಹತ್ತಿರ ಕಾಣುತ್ತದೆ. ಇದನ್ನು ಪತ್ತೆ ಮಾಡಲು ಸ್ಪಾನರ್ ಬೇಡ, ಪಕ್ಕದ ಮೀಟರು ನೋಡಿದರೆ ಸಾಕು. ಎಂಜಿನ್ ಶಾಖದ ಮೀಟರಿಗೂ ಅದೇ ಸ್ಟೆಬಿಲೈಸರ್ ಇರುವುದರಿಂದ ಎರಡು ಮುಳ್ಳುಗಳೂ ಒಟ್ಟಿಗೇ ಮೇಲೆ ಹೋಗಿರುತ್ತವೆ. ಒಂದೇ ಹೊತ್ತಿನಲ್ಲಿ ಇಬ್ಬರು ಒಂದೇ ಸುಳ್ಳು ಹೇಳಿದರೆ ಹೇಳಿಕೊಟ್ಟವನು ಒಬ್ಬನೇ ಎಂದು ತಿಳಿಯಬೇಕು.

ಸ್ಥಿರವಾದ ವೋಲ್ಟೇಜು ಸಿಗದೆ ಪರದಾಡಿದವರಲ್ಲಿ ಸ್ವತಃ ಓಮ್ ಒಬ್ಬ. ಜರ್ಮನಿಯ ಕಲೋನ್ ನಗರದಲ್ಲಿ ಶಾಲಾ ಮೇಷ್ಟರಾಗಿದ್ದ ಗಿಯೋರ್ಗ್ ಸೈಮನ್ ಓಮ್‌ಗೆ ಆ ಕಾಲದ ಬ್ಯಾಟರಿಗಳು ನಿಮಿಷಕ್ಕೊಂದು ಉತ್ತರ ಕೊಡುತ್ತಿದ್ದವು. ಕೊನೆಗೆ ಅವನು ಬ್ಯಾಟರಿಯನ್ನೇ ಬಿಟ್ಟು, ಬಿಸ್ಮತ್ ಮತ್ತು ತಾಮ್ರದ ಉಷ್ಣಯುಗ್ಮ ಮಾಡಿ, ಒಂದು ಸಂದನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟ. ಎರಡರ ಉಷ್ಣತೆಯೂ ಕದಲದ್ದರಿಂದ ವೋಲ್ಟೇಜೂ ಕದಲಲಿಲ್ಲ. 1826ರಲ್ಲಿ ಹೀಗೆ ಪಡೆದ ಅಳತೆಗಳ ಮೇಲೆ 1827ರ ಅವನ ಪುಸ್ತಕ ನಿಂತಿತು.

ಲಾರಿಗೆ ಹಿಂದಿರುಗೋಣ. ಮೀಟರು, ವೈರು, ಅರ್ತ್ ಎಲ್ಲ ಸರಿ ಇದ್ದು ದೋಷ ಟ್ಯಾಂಕ್ ಯೂನಿಟ್ಟಿನಲ್ಲೇ ಎಂದಾದರೆ ಅದನ್ನು ಬಿಚ್ಚಬೇಕು. ಇದು ಮೆಕ್ಯಾನಿಕ್ ಮಾಡುವ ಕೆಲಸ, ಮಕ್ಕಳದಲ್ಲ. ಮೊದಲು ಬ್ಯಾಟರಿಯ ನೆಗೆಟಿವ್ ವೈರು ಕಳಚಬೇಕು. ಹತ್ತಿರ ಬೀಡಿ, ಬೆಂಕಿ, ಬತ್ತಲೆ ಬಲ್ಬು ಇರಕೂಡದು. ಡೀಸೆಲ್ ಪೆಟ್ರೋಲಿನಷ್ಟು ಅಪಾಯಕಾರಿಯಲ್ಲ ಎಂಬುದು ನಿಜ. ಪೆಟ್ರೋಲಿನ ಆವಿ ಶೂನ್ಯಕ್ಕಿಂತ ಎಷ್ಟೋ ಕೆಳಗಿನ ಉಷ್ಣತೆಯಲ್ಲೂ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ನಮ್ಮ ದೇಶದ ಡೀಸೆಲ್ಲಿಗೆ ಈ ಮಟ್ಟ 35 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿರಬಾರದೆಂದು ಮಾನಕ ಸಂಸ್ಥೆಯ ನಿಯಮ. ಆದರೆ ಏಪ್ರಿಲ್ ಬಿಸಿಲಿನಲ್ಲಿ ನಿಂತ ಕಬ್ಬಿಣದ ಟ್ಯಾಂಕು 35 ಡಿಗ್ರಿ ಮುಟ್ಟುವುದು ಕಷ್ಟವೇನಲ್ಲ. ಬೆಳಗಿನ ತಂಪಿನಲ್ಲಿ ಬಯಲಿನಲ್ಲಿ ಮಾಡುವುದೇ ಕ್ಷೇಮ.

ಹೊರಬಂದ ಯೂನಿಟ್ಟಿನಲ್ಲಿ ನೋಡಬೇಕಾದದ್ದು ಎರಡು. ಒಂದು, ತೇಲುಗುಂಡು. ಹಳೆಯ ಹಿತ್ತಾಳೆ ಗುಂಡಿನ ಬೆಸುಗೆ ಬಿರಿದು ಒಳಗೆ ಎಣ್ಣೆ ಸೇರಿದರೆ ಅದು ಮುಳುಗುತ್ತದೆ, ಮುಳ್ಳು ಸದಾ ಖಾಲಿ ಎನ್ನುತ್ತದೆ. ಕಿವಿಯ ಬಳಿ ಅಲ್ಲಾಡಿಸಿದರೆ ಒಳಗಿನ ಎಣ್ಣೆ ಗೊತ್ತಾಗುತ್ತದೆ. ಗುಂಡನ್ನು ಬಕೆಟ್ ನೀರಿನಲ್ಲಿ ತೇಲಿಸಿ ‘ಸರಿ ಇದೆ’ ಎನ್ನುವವರುಂಟು. ಅದು ಸಾಲದು. ನೀರಿನ ಸಾಂದ್ರತೆ 1 ಆದರೆ ಡೀಸೆಲ್ಲಿನದು ಸುಮಾರು 0.83. ಅರೆ ಎಣ್ಣೆ ಕುಡಿದು ಸರಾಸರಿ ಸಾಂದ್ರತೆ 0.9 ಆದ ಗುಂಡು ನೀರಿನಲ್ಲಿ ತೇಲುತ್ತದೆ, ಡೀಸೆಲ್ಲಿನಲ್ಲಿ ಮುಳುಗುತ್ತದೆ. ಡೀಸೆಲ್ಲಿನ ಗುಂಡನ್ನು ಡೀಸೆಲ್ಲಿನಲ್ಲೇ ಪರೀಕ್ಷಿಸಬೇಕು.

ಇನ್ನೊಂದು, ನಾಲಿಗೆ ಉಜ್ಜುವ ಪಟ್ಟಿ. ಎಷ್ಟೋ ಗಾಡಿಗಳ ಟ್ಯಾಂಕು ಪೂರ್ತಿ ತುಂಬುವುದೂ ಇಲ್ಲ, ಪೂರ್ತಿ ಬರಿದಾಗುವುದೂ ಇಲ್ಲ. ನಾಲಿಗೆ ನಡುಭಾಗದಲ್ಲೇ ವರ್ಷಗಟ್ಟಲೆ ಉಜ್ಜಿ ಅಲ್ಲಿನ ತಂತಿ ಸವೆಯುತ್ತದೆ. ಅಂಥ ಗಾಡಿಯಲ್ಲಿ ಮುಳ್ಳು ಅರ್ಧದ ಬಳಿ ಬಂದಾಗ ಮಾತ್ರ ಹುಚ್ಚೆದ್ದು ಕುಣಿಯುತ್ತದೆ. ಮಲ್ಟಿಮೀಟರ್ ಜೋಡಿಸಿ ಕಡ್ಡಿಯನ್ನು ಮೆಲ್ಲಗೆ ಎತ್ತುತ್ತಾ ಹೋದರೆ ಓಮ್ ಅಂಕಿ ಒಂದೇ ಸಮನೆ ಏರಬೇಕು ಅಥವಾ ಇಳಿಯಬೇಕು. ನಡುವೆ ತಪ್ಪಿಹೋದರೆ ಅಲ್ಲಿ ತಂತಿ ಸವೆದಿದೆ. ಅಂಕಿ ತೋರಿಸುವ ಮಲ್ಟಿಮೀಟರಿಗಿಂತ ಮುಳ್ಳಿನ ಹಳೆಯ ಮಲ್ಟಿಮೀಟರಿನಲ್ಲಿ ಈ ತಪ್ಪುವಿಕೆ ಸ್ಪಷ್ಟವಾಗಿ ಕಾಣುತ್ತದೆ.

ಎಲ್ಲವೂ ಸರಿ ಇದ್ದರೂ ಮುಳ್ಳು ಲೀಟರನ್ನು ಹೇಳುವುದಿಲ್ಲ, ಎತ್ತರವನ್ನು ಹೇಳುತ್ತದೆ ಎಂಬುದು ನೆನಪಿರಲಿ. ಅಡ್ಡ ಮಲಗಿಸಿದ ಡ್ರಮ್ಮಿನಂಥ ಟ್ಯಾಂಕಿನಲ್ಲಿ ಅರ್ಧ ಎತ್ತರಕ್ಕೆ ಅರ್ಧ ಎಣ್ಣೆ ಸರಿ. ಕಾಲು ಎತ್ತರಕ್ಕೆ ಕಾಲು ಭಾಗ ಇರುವುದಿಲ್ಲ, ಸುಮಾರು 19.6 ಶೇಕಡಾ ಮಾತ್ರ. 160 ಲೀಟರಿನ ಟ್ಯಾಂಕಾದರೆ 40ರ ಬದಲು 31 ಲೀಟರ್. ವೃತ್ತಖಂಡದ ವಿಸ್ತೀರ್ಣ ಬಲ್ಲ ವಿದ್ಯಾರ್ಥಿಗಳು ಇದನ್ನು ತಾವೇ ಲೆಕ್ಕ ಹಾಕಿ ನೋಡಬಹುದು. ಚಾಲಕ ಎಷ್ಟು ಎಣ್ಣೆ ಬಳಸಿದ ಎಂದು ತೀರ್ಮಾನಿಸಲು ಮುಳ್ಳು ತಕ್ಕ ಸಾಕ್ಷಿಯೇ ಅಲ್ಲ. ಟ್ಯಾಂಕನ್ನು ಕತ್ತಿನವರೆಗೆ ತುಂಬಿಸಿ, ಕಿಲೋಮೀಟರ್ ಬರೆದುಕೊಂಡು, ಮತ್ತೆ ಅದೇ ಕತ್ತಿನವರೆಗೆ ತುಂಬಿಸಿದಾಗ ಎಷ್ಟು ಹಿಡಿಯಿತು ಎಂದು ನೋಡುವುದು ನ್ಯಾಯವಾದ ಲೆಕ್ಕ. ಸಾರಿಗೆ ನಿಗಮಗಳ ಡಿಪೋಗಳಲ್ಲಿ ಕೆ.ಎಂ.ಪಿ.ಎಲ್. ಎಂದು ಲೀಟರಿಗೆ ಓಡಿದ ದೂರದ ಲೆಕ್ಕ ಇಡುವುದು ಬಂಕಿನಲ್ಲಿ ಹಾಕಿದ ಲೀಟರಿನಿಂದ, ಮುಳ್ಳಿನಿಂದಲ್ಲ.

ಮನೆಯಲ್ಲಿ ಇದರ ಪುಟ್ಟ ಮಾದರಿ ಮಾಡುವುದು ಸುಲಭ. ಪೆನ್ಸಿಲ್ಲೊಂದನ್ನು ಉದ್ದಕ್ಕೆ ಸೀಳಿ ಒಳಗಿನ ಕಡ್ಡಿ ಕಾಣುವಂತೆ ಮಾಡಿ. ಎರಡು ಟಾರ್ಚ್ ಸೆಲ್ಲು, ತಂತಿಯುಳ್ಳ ಹಳೆಯ ಬಗೆಯ ಟಾರ್ಚ್ ಬಲ್ಬು, ಪೆನ್ಸಿಲ್ ಕಡ್ಡಿ ಮೂರನ್ನೂ ಸಾಲಾಗಿ ಜೋಡಿಸಿ. ಒಂದು ವೈರಿನ ತುದಿಯನ್ನು ಕಡ್ಡಿಯ ಮೇಲೆ ಸರಿಸಿದರೆ ಬಲ್ಬು ಉಜ್ವಲವಾಗುತ್ತದೆ, ಮಂಕಾಗುತ್ತದೆ. ಆಮೇಲೆ ತುಕ್ಕು ಹಿಡಿದ ಮೊಳೆಯೊಂದನ್ನು ಮಂಡಲದ ನಡುವೆ ಸೇರಿಸಿ, ವೈರುಗಳನ್ನು ತುಕ್ಕಿನ ಮೇಲೆಯೇ ಮುಟ್ಟಿಸಿ ನೋಡಿ. ಮೊಳೆಯನ್ನು ಉಪ್ಪು ಕಾಗದದಿಂದ ಉಜ್ಜಿ ಮತ್ತೆ ನೋಡಿ.

ಕೊನೆಗೆ ಬಿಡಿಭಾಗದ ಮಾತು. ಹಳೆಯ ಲಾರಿಗೆ ಹೊಸ ಯೂನಿಟ್ ಸಿಗದಿದ್ದರೆ ಶಿವಾಜಿನಗರದ ಗುಜರಿ ಅಂಗಡಿಗಳಿಗೆ ಹೋಗುವುದು ಬೆಂಗಳೂರಿನ ರೂಢಿ. ಅಲ್ಲಿ ಟ್ಯಾಂಕ್ ಯೂನಿಟ್ಟುಗಳು ಕಡ್ಡಿ, ಗುಂಡಿನ ಸಮೇತ ರಾಶಿ ಬಿದ್ದಿರುತ್ತವೆ. ನೋಡಲು ಎಲ್ಲವೂ ಒಂದೇ. ತೂತುಗಳು ಹೊಂದಿದವು, ಬೋಲ್ಟು ಕೂತಿತು ಎಂದು ತಂದು ಹಾಕಿದರೆ 10-180ರ ಮೀಟರಿಗೆ ಎದುರು ಜಾತಿಯ ಯೂನಿಟ್ ಸೇರಿ, ತುಂಬಿದಾಗ ಖಾಲಿ ಎಂದೂ ಖಾಲಿಯಾದಾಗ ಫುಲ್ ಎಂದೂ ತೋರಿಸಲು ತೊಡಗಬಹುದು. ಆದ್ದರಿಂದ ಜೇಬಿನಲ್ಲಿ ಮಲ್ಟಿಮೀಟರ್ ಇಟ್ಟುಕೊಂಡು, ಹಳೆಯ ಯೂನಿಟ್ಟನ್ನೂ ಕೈಯಲ್ಲಿ ಹಿಡಿದು ಹೋಗಬೇಕು. ಗುಂಡು ಕೆಳಗಿರುವಾಗ ಎಷ್ಟು ಓಮ್, ಮೇಲಿರುವಾಗ ಎಷ್ಟು, ನಡುವೆ ಎಲ್ಲಾದರೂ ತಪ್ಪುತ್ತದೆಯೇ ಎಂದು ಅಂಗಡಿಯ ಮುಂದೆಯೇ ನೋಡಿ, ಕಡ್ಡಿಯ ಉದ್ದವನ್ನು ಹಳೆಯದರ ಪಕ್ಕ ಇಟ್ಟು ಅಳೆದು, ಆಮೇಲೆ ಬೆಲೆ ಕೇಳಬೇಕು. ಅಂಗಡಿಯವನು ಮೊದಲು ಹೇಳುವ ಬೆಲೆಯನ್ನು ಅಳೆಯಲು ಮಾತ್ರ ಯಾವ ಮೀಟರೂ ಇಲ್ಲ.